ಹಾರ್ಲನ್ ಬಿಕ್ಸ್‌ಲರ್ ತಳ್ಳಿದ ಕಾರು

ಓಹಾಯೊ ನದಿಯ ದಂಡೆಯ ವಾಲ್ನಟ್ ಬೆಂಡ್ ಎಂಬ ಊರಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಹಾರ್ಲನ್ ಬಿಕ್ಸ್‌ಲರ್‌ಗೆ ಈ ಭೂಮಿಯ ಮೇಲೆ ಭಯ ಹುಟ್ಟಿಸದ ವಸ್ತು ಎಂದರೆ ಹಾಸಿಗೆಯೊಂದೇ. ಅದೂ ಹೊಸದಾಗಿದ್ದರೆ ಮಾತ್ರ. ಯಾರಾದರೂ ಹಳೆಯದನ್ನು ಬದಲಿಗೆ ತಂದರೆ ತಿಗಣೆ ಇದ್ದೀತೆಂದು ಮಾರು ದೂರ ನಿಂತು ಮಾತಾಡಿಸುತ್ತಿದ್ದ. ನಾಯಿಗೆ ಹೆದರುತ್ತಿದ್ದ, ನಾಯಿ ಸಾಕಿದವರಿಗೆ ಇನ್ನೂ ಹೆಚ್ಚು ಹೆದರುತ್ತಿದ್ದ. ಸಿಡಿಲು, ತೆರಿಗೆ ಇಲಾಖೆ, ಹಲ್ಲಿನ ಡಾಕ್ಟರು, ಅಂಚೆಯವನು ಬಾಗಿಲು ಬಡಿಯುವ ಸದ್ದು, ಇವೆಲ್ಲ ಅವನಿಗೆ ಹೆಚ್ಚುಕಡಿಮೆ ಒಂದೇ. ಅಂಗಡಿಗೆ ಬಂದ ಗಂಡ ಏನು ಹೇಳಿದರೂ ಹೌದು ಎನ್ನುತ್ತಿದ್ದ. ಹೆಂಡತಿ ಅದಕ್ಕೆ ತದ್ವಿರುದ್ಧವಾಗಿ ಹೇಳಿದರೆ ಅದಕ್ಕೂ ಹೌದು. ಇದರಿಂದ ವ್ಯಾಪಾರಕ್ಕೇನೂ ನಷ್ಟವಾಗಿರಲಿಲ್ಲ. ಗಂಡ ಒಂದು ಗಟ್ಟಿ ಹಾಸಿಗೆ ಕೊಳ್ಳುತ್ತಿದ್ದ, ಹೆಂಡತಿ ಒಂದು ಮೆತ್ತನೆಯದು.

ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಧೈರ್ಯ ಮಾಡಿದ. ಅದೂ ಸುಳ್ಳು ಹೇಳುವುದಕ್ಕೆ.

ಅದು ನಡೆದದ್ದು ಡಾಟ್ ಎಂಬಾಕೆಯ ಹೋಟೆಲಿನಲ್ಲಿ, ಬೆಳಗಿನ ಕಾಫಿಯ ಹೊತ್ತಿಗೆ. ಆ ದಿನಗಳಲ್ಲಿ ಊರಿಗೆಲ್ಲ ಒಂದೇ ಮಾತು: ಬ್ರೈಸ್ ಟಾಲಿವರ್. ಬ್ಯಾಟರಿ ಮಾಡಿ, ಆಮೇಲೆ ಆ ಬ್ಯಾಟರಿಯಲ್ಲಿ ಓಡುವ ಲಾರಿ ಮಾಡಿ, ಎಣಿಸಿ ಮುಗಿಯದಷ್ಟು ದುಡ್ಡು ಮಾಡಿದ ಮಹಾಶಯ. ಈಗ ಅವನಿಗೆ ರಾಜಕೀಯದ ಹಸಿವು ಹತ್ತಿತ್ತು. ರಾಜ್ಯದ ಗವರ್ನರ್ ಚುನಾವಣೆಗೆ ತಾನೇ ನಿಂತಿದ್ದ. ಊರಿನಲ್ಲಿ ಬಾಗಿಲು ಮುಚ್ಚಿದ್ದ ಗಾಜಿನ ಕಾರ್ಖಾನೆಯಲ್ಲಿ ಬ್ಯಾಟರಿ ಘಟಕ ಶುರು ಮಾಡುತ್ತೇನೆಂದೂ ಹೇಳಿದ್ದ. ಹಾರ್ಲನ್ನನ ಹೆಂಡತಿ ಡೋರೀನಳ ತಮ್ಮ ಗ್ಲೆನ್ ಆ ಗಾಜಿನ ಕಾರ್ಖಾನೆಯಲ್ಲೇ ಕೆಲಸ ಕಳೆದುಕೊಂಡವನು. ಅವನು ಟಾಲಿವರ್‌ನ ಹೆಸರೆತ್ತುವ ಮುಂಚೆ ತಲೆಯ ಮೇಲಿನ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

"ನಮ್ಮ ಚರ್ಚಿನ ಪಾದ್ರಿಗಳ ತಮ್ಮ ಅವನ ಹಿಂದಿನ ಸಾಲಲ್ಲಿ ಕೂತು ಬೇಸ್‌ಬಾಲ್ ಮ್ಯಾಚ್ ನೋಡಿದ್ದಾನಂತೆ," ಎಂದ ಗ್ಲೆನ್.

"ನಮ್ಮ ಅತ್ತೆ ಅವನ ಅಮ್ಮನಿಗೆ ಬ್ಲೌಸ್ ಹೊಲಿದುಕೊಟ್ಟಿದ್ರು," ಎಂದಳು ಡಾಟ್, ಕಾಫಿ ಸುರಿಯುತ್ತ.

ಎಲ್ಲರ ಹತ್ತಿರವೂ ಏನೋ ಒಂದು ಇತ್ತು. ಹಾರ್ಲನ್ ಮೂಲೆಯಲ್ಲಿ ಕೂತು ಮೊಟ್ಟೆ ಕೆದಕುತ್ತಿದ್ದ. ಅವನಿಗೆ ಏನು ಬಡಿಯಿತೋ, ಬಾಯಿ ತಾನಾಗಿ ತೆರೆದುಕೊಂಡಿತು.

"ನಾನು ಅವನ ಕಾರು ತಳ್ಳಿದೀನಿ."

ಹೋಟೆಲಿನಲ್ಲಿ ಚಮಚದ ಸದ್ದೂ ನಿಂತುಹೋಯಿತು. ಹಾರ್ಲನ್ ಹೇಳಿದ ಮಾತಿಗೆ ನಾಲ್ಕು ಜನ ತಿರುಗಿ ನೋಡಿದ್ದು ಅವನ ಮದುವೆಯಲ್ಲೂ ಆಗಿರಲಿಲ್ಲ. ಅವತ್ತು ಎಲ್ಲರೂ ಡೋರೀನಳನ್ನು ನೋಡುತ್ತಿದ್ದರು.

"ಯಾವಾಗ?"

"ಆಗಲೇ ಬಹಳ ವರ್ಷ ಆಯ್ತು. ಜೇನ್ಸ್‌ವಿಲ್ ದಾರೀಲಿ. ಹಿಮ ಬಿದ್ದಿತ್ತು. ಒಬ್ಬ ಹುಡುಗ, ಸಣಕಲು. ಕಾರು ಹಳ್ಳಕ್ಕಿಳಿದಿತ್ತು. ನಾನು ತಳ್ಳಿದೆ."

ಇದರಲ್ಲಿ ಕಾರು ನಿಜ, ಹಿಮ ನಿಜ, ಹಳ್ಳ ನಿಜ, ತಳ್ಳಿದ್ದೂ ನಿಜ. ಆದರೆ ಒಳಗಿದ್ದವನು ಹುಡುಗನಲ್ಲ, ಸಣಕಲೂ ಅಲ್ಲ. ಮನೆಮನೆಗೆ ಹೋಗಿ ಕಸ ಹೀರುವ ಯಂತ್ರ ಮಾರುತ್ತಿದ್ದ, ಕೆಂಪು ಗಡ್ಡದ, ನಡುವಯಸ್ಸು ದಾಟಿದ ಒಬ್ಬ ದಢೂತಿ ಮನುಷ್ಯ. ಇದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಹಾರ್ಲನ್. ಇನ್ನೊಬ್ಬಳು ಅವತ್ತು ಇವರ ಕಾರಿನಲ್ಲೇ ಕೂತು, "ಬೇಗ ಬಾರೋ ಮಾರಾಯ, ಕಾಲು ಮರಗಟ್ಟಿತು," ಎಂದು ಕೂಗುತ್ತಿದ್ದ ಡೋರೀನ್.

ಗ್ಲೆನ್ ಎದ್ದು ಬಂದು ಹಾರ್ಲನ್ನನ ಎದುರಿಗೇ ಕೂತ. ಗ್ಲೆನ್ ಆರಡಿ ಮೀರಿದ ಆಳು, ಅವನ ಒಂದು ಅಂಗೈಯಲ್ಲಿ ಹಾರ್ಲನ್ನನ ತಲೆ ಕೂರುತ್ತಿತ್ತು.

"ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲೋ! ತಳ್ಳಿದ ಮೇಲೆ ಏನಂದ ಅವನು? ಥ್ಯಾಂಕ್ಸ್ ಅಂದ ತಾನೆ?"

ಆ ಕಣ್ಣುಗಳಲ್ಲಿದ್ದ ಆಸೆಯನ್ನು ನೋಡಿ ಹಾರ್ಲನ್‌ಗೆ ಭಯವಾಯಿತು. ಇಲ್ಲ ಅನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

"ಅಂದ. ಎರಡೂ ಕೈ ಹಿಡ್ಕೊಂಡು ಅಂದ."

"ಕೈ ಹಿಡ್ಕೊಂಡು!" ಎಂದು ಗ್ಲೆನ್ ಹೋಟೆಲಿಗೆಲ್ಲ ಕೇಳುವಂತೆ ಹೇಳಿದ. ಆಮೇಲೆ ಮೆಲ್ಲಗೆ, "ಕಣ್ಣಲ್ಲಿ ನೀರು?" ಎಂದು ಕೇಳಿದ.

"ಸ್ವಲ್ಪ," ಎಂದ ಹಾರ್ಲನ್.

ಅಲ್ಲಿಗೆ ನಿಂತಿದ್ದರೆ ಕತೆ ಡಾಟ್‌ಳ ಹೋಟೆಲಿನಲ್ಲೇ ಮುಗಿದು ತಟ್ಟೆಯ ಜೊತೆ ತೊಳೆದುಹೋಗುತ್ತಿತ್ತು. ಆದರೆ ಮಧ್ಯಾಹ್ನ ಅಂಗಡಿಯ ಗಂಟೆ ಟಿಣ್ ಎಂದಿತು. ಹಾರ್ಲನ್ ತಲೆಯೆತ್ತಿ ನೋಡಿದರೆ ಮಿಸ್ ಪ್ರಿಚರ್ಡ್. ಊರಿನ ಅರ್ಧ ಜನಕ್ಕೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಈಗ ಗ್ರಂಥಾಲಯ ಸಮಿತಿಯ ಅಧ್ಯಕ್ಷೆ. ನಿವೃತ್ತಿಯಾಗಿ ಎಷ್ಟೋ ವರ್ಷಗಳಾಗಿದ್ದರೂ ಅವರನ್ನು ಕಂಡರೆ ಹಾರ್ಲನ್ ಉಗುರು ಪರೀಕ್ಷೆಗೆ ಎಂಬಂತೆ ಎರಡೂ ಕೈ ಮುಂದೆ ಚಾಚುತ್ತಿದ್ದ. ಅವತ್ತೂ ಚಾಚಿದ.

ಮಿಸ್ ಪ್ರಿಚರ್ಡ್ ಒಂದು ದೊಡ್ಡ ಹಾಸಿಗೆಯ ತುದಿಯಲ್ಲಿ, ಅದು ಮರದ ಬೆಂಚೋ ಎಂಬ ಹಾಗೆ ನೆಟ್ಟಗೆ ಕೂತರು.

"ಹಾರ್ಲನ್, ಆ ಟಾಲಿವರ್ ಇಂಡಿಯಾನಾದಲ್ಲಿ ಏನು ಮಾಡಿದ ಗೊತ್ತಾ? ಕ್ರಿಸ್‌ಮಸ್ ಹಿಂದಿನ ವಾರ ಒಂದು ಕಾರ್ಖಾನೆ ಪೂರ್ತಿ ಜನಾನ ಫೋನಿಗೆ ಮೆಸೇಜ್ ಹಾಕಿ ಮನೆಗೆ ಕಳಿಸಿದ. ನನ್ನ ತಂಗಿ ಮಗನೂ ಅದರಲ್ಲಿ ಒಬ್ಬ. ಈಗ ಗವರ್ನರ್ ಆದರೆ ಊರೂರಿನ ಗ್ರಂಥಾಲಯಕ್ಕೆ ದುಡ್ಡು ಕೊಡಲ್ಲ ಅಂತಿದಾನೆ. ಪುಸ್ತಕ ಎಲ್ಲ ಫೋನಲ್ಲೇ ಇದೆಯಂತೆ."

"ತಪ್ಪು ಮಿಸ್."

"ಅಂಥವನು ನಿನ್ನ ಕೈ ಹಿಡಿದು ಅತ್ತ ಅಂತ ಊರೆಲ್ಲ ಹೇಳ್ತಿದಾರೆ. ನನ್ನ ಮುಖ ನೋಡಿ ಹೇಳು. ಅತ್ತನಾ?"

ಮಿಸ್ ಪ್ರಿಚರ್ಡ್ ಕನ್ನಡಕ ತೆಗೆದರು. ಮೂರನೇ ಕ್ಲಾಸಿನಲ್ಲಿ ಅವರು ಕನ್ನಡಕ ತೆಗೆದಾಗ ಏನಾಗುತ್ತಿತ್ತೆಂಬುದು ಹಾರ್ಲನ್ನನ ಮೊಣಕಾಲುಗಳಿಗೆ ಚೆನ್ನಾಗಿ ನೆನಪಿತ್ತು.

"ಇಲ್ಲ ಮಿಸ್."

"ಥ್ಯಾಂಕ್ಸ್ ಆದರೂ ಅಂದನಾ?"

"ಇಲ್ಲ ಮಿಸ್. ಗಾಜು ಕೂಡ ಇಳಿಸಲಿಲ್ಲ." ಬಾಯಿ ತೆರೆದ ಮೇಲೆ ಅದನ್ನು ಮುಚ್ಚುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. "ಜೋರಾಗಿ ಗಾಡಿ ಬಿಟ್ಕೊಂಡು ಹೋದ. ಕೆಸರೆಲ್ಲ ನನ್ನ ಮೈಮೇಲೆ."

"ನನಗೆ ಗೊತ್ತಿತ್ತು!" ಎಂದು ಮಿಸ್ ಪ್ರಿಚರ್ಡ್ ಎದ್ದರು. ಜೀವನದಲ್ಲಿ ಮೊದಲ ಸಲ ಅವನ ಬೆನ್ನು ತಟ್ಟಿದರು. ಹೋಗುವಾಗ ಒಂದು ದಿಂಬನ್ನೂ ಕೊಂಡರು.

ಹೀಗೆ ಒಂದು ಕಾರು ಎರಡು ಕಾರಾಗಿ ಊರಿನಲ್ಲಿ ಓಡಾಡತೊಡಗಿತು. ಟಾಲಿವರ್ ಪರ ಇದ್ದವರ ಮನೆಯ ಹುಲ್ಲಿನಂಗಳದಲ್ಲಿ "ನಮ್ಮ ಹಾರ್ಲನ್ನನ ಕೈ ಹಿಡಿದವನು" ಎಂಬ ಫಲಕ ನೆಟ್ಟರು. ಎದುರು ಮನೆಯಲ್ಲಿ "ನಮ್ಮ ಹಾರ್ಲನ್ನನ ಮೇಲೆ ಕೆಸರೆರಚಿದವನು" ಎಂಬ ಫಲಕ ಎದ್ದಿತು. ಎರಡರಲ್ಲೂ ಹಾರ್ಲನ್ನನ ಒಂದೇ ಚಿತ್ರ. ಅಂಗಡಿಯ ಜಾಹೀರಾತಿಗಾಗಿ ದಿಂಬು ತಬ್ಬಿಕೊಂಡು ತೆಗೆಸಿದ್ದು. ಬೆಳಗ್ಗೆ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ತನ್ನ ಮುಖವೇ ತನ್ನನ್ನು ನೋಡುತ್ತಿದ್ದರೆ ಯಾರಿಗೆ ತಾನೆ ಮೈ ಜುಂ ಎನ್ನುವುದಿಲ್ಲ? ಹಾರ್ಲನ್ ಹಿಂದಿನ ಓಣಿಯಿಂದ ಹೋಗತೊಡಗಿದ. ಅಲ್ಲಿ ನಾಯಿಗಳಿದ್ದವು.

ಜನ ಅಂಗಡಿಗೆ ಹಾಸಿಗೆ ನೋಡಲು ಬರುತ್ತಿದ್ದರು, ಮಲಗಿ ಪರೀಕ್ಷೆ ಮಾಡುತ್ತಿದ್ದರು, ಮಲಗಿದಲ್ಲೇ ಜಗಳ ಶುರುವಾಗುತ್ತಿತ್ತು.

"ನದಿ ಉಕ್ಕಿ ಊರಿಗೆಲ್ಲ ಕರೆಂಟ್ ಹೋದಾಗ ಆಸ್ಪತ್ರೆ ದೀಪ ಉರೀತಿದ್ದಿದ್ದು ಯಾರ ಬ್ಯಾಟರಿಯಿಂದ? ನಮ್ಮಪ್ಪ ಬದುಕಿದಾರೆ ಅಂದ್ರೆ ಟಾಲಿವರ್‌ನಿಂದ!" ಎಂದು ಗಟ್ಟಿ ಹಾಸಿಗೆಯಿಂದ ಒಬ್ಬರು.

"ಬ್ಯಾಟರಿ ಪುಕ್ಸಟ್ಟೆ ಕೊಟ್ನಾ? ಅದಕ್ಕೆ ಈ ಊರು ಇನ್ನೂ ತೆರಿಗೆ ಕಟ್ತಾ ಇದೆ!" ಎಂದು ಮೆತ್ತನೆಯ ಹಾಸಿಗೆಯಿಂದ ಇನ್ನೊಬ್ಬರು.

"ಹಾರ್ಲನ್, ನೀನೇ ಹೇಳು!" ಎಂದು ಇಬ್ಬರೂ.

ಹಾರ್ಲನ್‌ಗೆ ಎರಡೂ ಸರಿಯೆನಿಸುತ್ತಿತ್ತು. ಅದು ಅವನ ಹೆದರಿಕೆಯೂ ಆಗಿರಬಹುದು, ಬುದ್ಧಿಯೂ ಆಗಿರಬಹುದು. ಅವನು ಹಾಸಿಗೆಯ ಸ್ಪ್ರಿಂಗಿನ ವಿಷಯ ಎತ್ತುತ್ತಿದ್ದ.

ಒಂದು ಬೆಳಗ್ಗೆ ಅಂಗಡಿಯ ಗಾಜಿನ ಮೇಲೆ ಯಾರೋ ಮೊಟ್ಟೆ ಹೊಡೆದಿದ್ದರು. ಮೊಟ್ಟೆಯ ಮೇಲೆ ಪಕ್ಷದ ಹೆಸರಿರುವುದಿಲ್ಲವಲ್ಲ, ಹೊಡೆದದ್ದು ಯಾವ ಕಡೆಯವರೆಂದು ತಿಳಿಯಲಿಲ್ಲ. ಪೊಲೀಸ್ ಮುಖ್ಯಸ್ಥ ಡಿಲ್ಲಾರ್ಡ್ ಬಂದು, ಸೋರುತ್ತಿದ್ದ ಹಳದಿಯನ್ನು ಬಹಳ ಹೊತ್ತು ಗಂಭೀರವಾಗಿ ನೋಡಿದ.

"ಯಾರ ಮೇಲಾದರೂ ಅನುಮಾನ ಇದೆಯಾ?"

"ಎಲ್ಲರ ಮೇಲೂ."

ಡಿಲ್ಲಾರ್ಡ್ ಆಚೆ ಈಚೆ ನೋಡಿ ದನಿ ತಗ್ಗಿಸಿದ. "ನಮ್ಮಿಬ್ಬರಲ್ಲೇ ಇರಲಿ. ನಿಜವಾಗಿ ಏನಾಯ್ತು ಹೇಳು."

ಡಿಲ್ಲಾರ್ಡ್ ಯಾವ ಕಡೆ ಎಂಬುದು ಅವನ ಮುಖದಲ್ಲಾಗಲಿ ಸಮವಸ್ತ್ರದಲ್ಲಾಗಲಿ ಕಾಣಲಿಲ್ಲ. ಸೊಂಟದ ಪಿಸ್ತೂಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು. "ಎರಡೂ ಆಯ್ತು ಸಾರ್," ಎಂದ ಹಾರ್ಲನ್.

ಡಿಲ್ಲಾರ್ಡ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂದ್ರೆ, ಥ್ಯಾಂಕ್ಸ್ ಹೇಳಿ ಕೆಸರು ಎರಚಿದನೋ, ಕೆಸರು ಎರಚಿ ಥ್ಯಾಂಕ್ಸ್ ಹೇಳಿದನೋ?"

ಅವತ್ತು ಮನೆಗೆ ಬಂದ ಹಾರ್ಲನ್ ಎಲ್ಲವನ್ನೂ ಹೆಂಡತಿಗೆ ಹೇಳಿ, ತಲೆಯ ಮೇಲೆ ಕೈ ಹೊತ್ತು ಕೂತ. ಡೋರೀನ್ ಆಲೂಗಡ್ಡೆ ಸುಲಿಯುತ್ತಿದ್ದಳು.

"ಕೆಂಪು ಗಡ್ಡದವನು ಅಂತ ನಾಳೆ ಹೋಗಿ ಹೇಳಿಬಿಡು," ಎಂದಳು.

"ಗ್ಲೆನ್ ನನ್ನ ಕೊಂದುಬಿಡ್ತಾನೆ ಕಣೇ. ಬ್ಯಾಟರಿ ಕೆಲಸದ ಸಂದರ್ಶನದಲ್ಲಿ, ಟಾಲಿವರ್ ಸಾಹೇಬರ ಕಾರು ತಳ್ಳಿದ್ದು ನಮ್ಮ ಅಕ್ಕನ ಗಂಡ ಅಂದಿದಾನೆ. ಕೂಡಲೇ ಕುರ್ಚಿ ಹಾಕಿ ಕೂರಿಸಿದರಂತೆ. ಕೆಲಸ ಹೆಚ್ಚುಕಡಿಮೆ ಸಿಕ್ಕ ಹಾಗೇ ಅಂತೆ."

ಡೋರೀನಳ ಕೈಯಲ್ಲಿದ್ದ ಚಾಕು ನಿಂತಿತು. ತಮ್ಮ ಕೆಲಸವಿಲ್ಲದೆ ಎರಡು ಚಳಿಗಾಲ ಕಳೆದದ್ದನ್ನು ಅವಳು ನೋಡಿದ್ದಳು. ಎರಡನೆಯದರಲ್ಲಿ ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು.

"ಹಾಗಾದರೆ ಸುಮ್ಮನಿರು," ಎಂದಳು. "ಚುನಾವಣೆ ಮುಗಿದರೆ ಜನ ಮರೀತಾರೆ."

ಜನ ಮರೆಯುತ್ತಿದ್ದರೇನೋ. ಆದರೆ ಆ ವಾರವೇ ಅಂಗಡಿಯ ಮುಂದೆ ಒಂದು ಕರಿ ಗಾಡಿ ನಿಂತಿತು. ಬೂದು ಕೋಟಿನ ಹೆಂಗಸೊಬ್ಬಳು ಇಳಿದಳು. ಹಿಂದೆಯೇ ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡ ಇಬ್ಬರು ಗಟ್ಟಿಗರು. ಹಾರ್ಲನ್ ಕೌಂಟರಿನ ಹಿಂದೆ ಇನ್ನೊಂದು ಬಾಗಿಲಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

"ಮಿಸ್ಟರ್ ಬಿಕ್ಸ್‌ಲರ್, ಶನಿವಾರ ನಮ್ಮ ಸಾಹೇಬರು ನಿಮ್ಮ ಊರಿನ ಫುಟ್‌ಬಾಲ್ ಮೈದಾನದಲ್ಲಿ ಮಾತಾಡ್ತಾರೆ. ನೀವು ವೇದಿಕೆ ಮೇಲೆ ಇರಬೇಕು ಅಂತ ಅವರ ಆಸೆ."

"ನಾನಾ? ಅವರಿಗೆ... ಅವರಿಗೆ ನನ್ನ ನೆನಪಿದೆಯಾ?"

ಹೆಂಗಸು ನಕ್ಕಳು. ತುಟಿ ಮಾತ್ರ ನಕ್ಕಿತು, ಕಣ್ಣು ಹಾರ್ಲನ್ನನ ಮೇಲೇ ಇತ್ತು. "ಚೆನ್ನಾಗಿ ನೆನಪಿದೆ."

ಅವರು ಹೋದ ಮೇಲೆ ಹಾರ್ಲನ್ ಅಂಗಡಿಯ ಅತಿ ದುಬಾರಿ ಹಾಸಿಗೆಯ ಮೇಲೆ ಬೂಟಿನ ಸಮೇತ ಬಿದ್ದುಕೊಂಡ. ನೆನಪಿದೆ ಅಂದರೇನು? ಇಲ್ಲದ್ದು ನೆನಪಿರುವುದು ಹೇಗೆ? ಇದು ಖಂಡಿತ ಬಲೆ. ಊರ ಜನರ ಮುಂದೆ ವೇದಿಕೆಗೆ ಹತ್ತಿಸಿ, "ಈ ಸುಳ್ಳುಗಾರನನ್ನು ನೋಡಿ," ಎಂದು ಬೆರಳು ತೋರಿಸುತ್ತಾನೆ. ಆಮೇಲೆ ಕೋರ್ಟು, ದಂಡ, ಗ್ಲೆನ್‌ನ ಅಂಗೈ, ಮಿಸ್ ಪ್ರಿಚರ್ಡ್‌ರ ಕನ್ನಡಕ. ಕೆಂಟಕಿಯಲ್ಲಿರುವ ಚಿಕ್ಕಮ್ಮನ ಮನೆಗೆ ಓಡಿಹೋಗೋಣ ಎಂದು ಡೋರೀನಳನ್ನು ಗೋಗರೆದ. ಚಿಕ್ಕಮ್ಮನ ಮನೆಯಲ್ಲಿ ಮೂರು ನಾಯಿಗಳಿವೆಯೆಂದು ಅವಳು ನೆನಪಿಸಿದ ಮೇಲೆ ಸುಮ್ಮನಾದ.

ಶನಿವಾರ ಮಧ್ಯಾಹ್ನ ಮೈದಾನ ತುಂಬಿ ತುಳುಕುತ್ತಿತ್ತು. ಬೇಲಿಯಾಚೆ ಮಿಸ್ ಪ್ರಿಚರ್ಡ್ ಗ್ರಂಥಾಲಯದವರನ್ನು ಸಾಲಾಗಿ ನಿಲ್ಲಿಸಿ, ಮೂರನೇ ಕ್ಲಾಸಿನ ಶಿಸ್ತಿನಲ್ಲಿ ಧಿಕ್ಕಾರ ಕೂಗಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಗ್ಲೆನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದಲ್ಲಿ ಅಕ್ಕನನ್ನು ಕೂರಿಸಿಕೊಂಡಿದ್ದ. ವೇದಿಕೆಯ ಹಿಂದೆ ಹಾರ್ಲನ್‌ಗೆ ನೀರು ಕೊಟ್ಟರು. ಅದರಲ್ಲಿ ಅರ್ಧ ಕುಡಿದ, ಅರ್ಧ ಟೈ ಕುಡಿಯಿತು.

ಆಗ ಬ್ರೈಸ್ ಟಾಲಿವರ್ ಬಂದ. ಚಿತ್ರದಲ್ಲಿ ಕಾಣುವುದಕ್ಕಿಂತ ಗಿಡ್ಡ. ಪುದೀನದ ವಾಸನೆ ಬರುತ್ತಿತ್ತು. ಹಾರ್ಲನ್ನನ ಕಡೆ ಅವನು ಕಣ್ಣು ಹಾಯಿಸಲೂ ಇಲ್ಲ. ಬೂದು ಕೋಟಿನವಳು ಅವನ ಕಿವಿಯಲ್ಲಿ ಹೆಸರು ಹೇಳಿದಳು. ಅವನು ಆ ಹೆಸರನ್ನು ಬಾಯೊಳಗೇ ಎರಡು ಸಲ ಉರು ಹೊಡೆದುಕೊಂಡ. ಹಾರ್ಲನ್ ಅದನ್ನು ಕಣ್ಣಾರೆ ಕಂಡ.

ಮರುಕ್ಷಣದಲ್ಲಿ ಇಬ್ಬರೂ ವೇದಿಕೆಯ ಮೇಲಿದ್ದರು. "ಹಾರ್ಲನ್!" ಎಂದು ಟಾಲಿವರ್ ಮೈಕಿನಲ್ಲಿ ಕೂಗಿ, ಕಳೆದುಹೋದ ತಮ್ಮ ಸಿಕ್ಕವನಂತೆ ತಬ್ಬಿಕೊಂಡ. ಮೈದಾನ ಗುಡುಗಿತು.

"ಗೆಳೆಯರೇ, ಅವತ್ತು ಹಿಮ ಸುರೀತಿತ್ತು. ನನ್ನ ಜೇಬಲ್ಲಿ ಕಾಸಿಲ್ಲ. ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ. ಆಗ ಈ ಮನುಷ್ಯ ಬಂದ. ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದ. ತಾನು ತಿನ್ನಬೇಕಾಗಿದ್ದ ಬ್ರೆಡ್ಡಲ್ಲಿ ಅರ್ಧ ನನಗೆ ಕೊಟ್ಟ. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಏನಂದ ಗೊತ್ತಾ? ಹೋಗು ಮಗನೇ, ಈ ದೇಶ ನಿನಗಾಗಿ ಕಾಯ್ತಾ ಇದೆ, ಅಂದ!"

ಹಾರ್ಲನ್ನನ ಬಾಯಿ ತೆರೆದೇ ಇತ್ತು. ಕೋಟೆಲ್ಲಿತ್ತು? ಬ್ರೆಡ್ಡೆಲ್ಲಿತ್ತು? ತಾನು ಒಂದು ಸಣ್ಣ ಸುಳ್ಳು ಹೇಳಿ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ. ಈ ಮನುಷ್ಯ ಅದರ ಮೇಲೆ ಮೂರು ಮಹಡಿ ಕಟ್ಟಿಯೂ ಒಂದು ಹನಿ ಬೆವರಿಲ್ಲ. ಮೊದಲು ಒಂದು ಗಳಿಗೆ ಹಾರ್ಲನ್‌ಗೆ ಹಾಯೆನಿಸಿತು. ಬಲೆಯಲ್ಲ, ಬದುಕಿದೆ. ಆಮೇಲೆ ಜನರ ಕಡೆ ನೋಡಿದ. ಮೈದಾನದಲ್ಲಿ ಸಾವಿರಾರು ಜನ ಅಳುತ್ತಿದ್ದರು. ಇದು ಸುಳ್ಳೆಂದು ಗೊತ್ತಿದ್ದವನು ವೇದಿಕೆಯ ಮೇಲೆ ತಾನೊಬ್ಬನೇ. ಟಾಲಿವರ್‌ನ ಕಣ್ಣಲ್ಲೂ ನೀರಿತ್ತು, ಅವನಿಗೇ ತಾನು ಹೇಳಿದ್ದು ಸುಳ್ಳೆಂದು ಗೊತ್ತಿದ್ದಂತೆ ಕಾಣಲಿಲ್ಲ.

"ಒಂದು ಮಾತು ಹೇಳು ಹಾರ್ಲನ್," ಎಂದು ಟಾಲಿವರ್ ಮೈಕು ಅವನ ಕೈಗೆ ಕೊಟ್ಟ.

ಮೈಕು ಹಿಡಿದ ಹಾರ್ಲನ್ ಗ್ಲೆನ್‌ನನ್ನು ನೋಡಿದ. ಬೇಲಿಯಾಚೆ ಮಿಸ್ ಪ್ರಿಚರ್ಡ್‌ರನ್ನು ನೋಡಿದ. ಅವನು ಶೂರನಾದ ಎಂದು ಯಾರೂ ತಿಳಿಯಬಾರದು. ಸುಳ್ಳಿನ ಭಯ ಸತ್ಯದ ಭಯಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಯಿತು, ಅಷ್ಟೆ.

"ಅದು ಇವರಲ್ಲ," ಎಂದ. ದನಿ ಕೀರಲಾಗಿತ್ತು, ಆದರೆ ಧ್ವನಿವರ್ಧಕ ಒಳ್ಳೆಯದಿತ್ತು. "ಅದು ಕೆಂಪು ಗಡ್ಡದ ಒಬ್ಬ ಸೇಲ್ಸ್‌ಮನ್. ನಾನು ಸುಳ್ಳು ಹೇಳಿದ್ದೆ. ಇವರನ್ನ ನಾನು ನೋಡಿದ್ದು ಇವತ್ತೇ ಮೊದಲು. ಕೋಟೂ ಕೊಡಲಿಲ್ಲ, ಬ್ರೆಡ್ಡೂ ಕೊಡಲಿಲ್ಲ. ಗ್ಲೆನ್, ತಪ್ಪಾಯ್ತು ಕಣೋ."

ಗ್ಲೆನ್‌ನ ಮುಖ ಬಿಳಿಚಿಕೊಂಡಿತು. ಬೇಲಿಯ ಆಚೆಯ ಧಿಕ್ಕಾರವೂ ನಿಂತಿತು.

ಟಾಲಿವರ್ ಒಂದು ಉಸಿರು ತಡೆದ. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ನಕ್ಕ.

"ನೋಡಿದ್ರಾ! ನೋಡಿದ್ರಾ ಇವನನ್ನ! ಅವತ್ತೂ ಹೀಗೇ ಅಂದಿದ್ದ. ನನ್ನ ಹೆಸರು ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದ! ಗೆಳೆಯರೇ, ಇಂಥ ದೊಡ್ಡ ಮನಸ್ಸು ಓಹಾಯೊ ಬಿಟ್ಟು ಇನ್ನೆಲ್ಲಾದರೂ ಸಿಗತ್ತಾ?"

ಚಪ್ಪಾಳೆಯ ಅಬ್ಬರಕ್ಕೆ ವೇದಿಕೆಯ ಹಲಗೆ ಅದುರಿತು. "ಇಲ್ಲ, ದೇವರಾಣೆ, ಕೆಂಪು ಗಡ್ಡ!" ಎಂದು ಹಾರ್ಲನ್ ಕೂಗಿದ. ಚಪ್ಪಾಳೆ ಇಮ್ಮಡಿಯಾಯಿತು. "ದಪ್ಪ ಇದ್ದ!" ಎಂದ. ಜನ ಎದ್ದು ನಿಂತರು. ಗ್ಲೆನ್ ಬಿಕ್ಕಿಬಿಕ್ಕಿ ಅಳುತ್ತ, "ನಮ್ಮ ಅಕ್ಕನ ಗಂಡ!" ಎಂದು ಪಕ್ಕದವರಿಗೆಲ್ಲ ತೋರಿಸುತ್ತಿದ್ದ.

ಕೆಳಗಿಳಿದಾಗ ಬೂದು ಕೋಟಿನವಳು ಅವನ ತೋಳು ಹಿಡಿದು, "ಬಹಳ ಚೆನ್ನಾಗಿತ್ತು. ಬುಧವಾರ ಡೇಟನ್‌ನಲ್ಲೂ ಹೀಗೇ ಹೇಳಿ. ಮೊದಲು ಇಲ್ಲ ಅನ್ನಿ, ಆಮೇಲೆ ಸಾಹೇಬರು ನೋಡ್ಕೋತಾರೆ," ಎಂದಳು. ತೋಳು ಬಿಡಿಸಿಕೊಂಡು ಗೇಟಿನ ಕಡೆ ಓಡಿದರೆ ಅಲ್ಲಿ ಮಿಸ್ ಪ್ರಿಚರ್ಡ್ ಕಾದಿದ್ದರು.

"ಮಿಸ್, ಕೆಸರಿನ ವಿಷಯಾನೂ ಸುಳ್ಳು. ಕಾರಲ್ಲಿದ್ದವನು ಅವನೇ ಅಲ್ಲ."

ಅವರು ಅವನ ಕೆನ್ನೆ ಸವರಿದರು. "ಎಷ್ಟು ಹೆದರಿಸಿದಾರೋ ನಿನ್ನ, ಪಾಪ. ಆ ಕರಿ ಗಾಡಿಯವರು ಅಂಗಡಿಗೆ ಬಂದಿದ್ದು ನಮಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನೀನೇನೂ ಹೇಳಬೇಡ ಹಾರ್ಲನ್. ಕೆಸರು ನಮಗೆಲ್ಲ ನೆನಪಿದೆ."

ಮನೆಗೆ ಹೋಗುವಾಗ ಹಾರ್ಲನ್ ಕಾರು ನಡೆಸುತ್ತಿದ್ದ. ಪಕ್ಕದಲ್ಲಿ ಡೋರೀನ್ ಕೂತಿದ್ದಳು. ಸಂಜೆ ಬಿಸಿಲು ನದಿಯ ಮೇಲೆ ಬಿದ್ದಿತ್ತು. ಒಬ್ಬಳಾದರೂ ಇದ್ದಾಳಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು. ಊರೆಲ್ಲ ಹುಚ್ಚು ಹಿಡಿಸಿಕೊಳ್ಳಲಿ, ಆ ಹಿಮದಲ್ಲಿ ಕಾಲು ಮರಗಟ್ಟಿಸಿಕೊಂಡು ಕೂತಿದ್ದವಳು ಇವಳು.

"ಹಾರ್ಲನ್," ಎಂದಳು ಡೋರೀನ್.

"ಹೂಂ."

"ಆ ವರ್ಷ ನಿನ್ನದೊಂದು ಕಂದು ಕೋಟು ಕಾಣೆಯಾಯ್ತು, ಅಲ್ವಾ?"

ಹಾರ್ಲನ್ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ನೀನು ಕಾರಲ್ಲೇ ಇದ್ದೆ ಕಣೇ! ಗಡ್ಡ ಎಷ್ಟು ಅಸಹ್ಯವಾಗಿದೆ ಅಂತ ಮನೆ ತನಕ ಬೈದಿದ್ದು ನೀನು!"

"ಇದ್ದೆ. ಆದರೆ ಕತ್ತಲಿತ್ತು. ಗಾಜಿನ ಮೇಲೆಲ್ಲ ಹಿಮ. ಗಡ್ಡ ಬೋಳಿಸಿಕೊಂಡಿರಬಹುದಲ್ಲ." ಅವಳು ಅವನ ಮುಖ ನೋಡಲಿಲ್ಲ. "ಅಷ್ಟು ದೊಡ್ಡ ಮನುಷ್ಯ ಕಣ್ಣಲ್ಲಿ ನೀರು ಹಾಕಿಕೊಂಡು ಸುಳ್ಳು ಯಾಕೆ ಹೇಳ್ತಾನೆ? ಗ್ಲೆನ್‌ಗೆ ಸೋಮವಾರದಿಂದ ಕೆಲಸಕ್ಕೆ ಬಾ ಅಂದರಂತೆ."

"ಸರಿಯಾಗಿ ಕೇಳು. ಮೊದಲಿಂದ ಹೇಳ್ತೀನಿ," ಎಂದು ಹಾರ್ಲನ್ ಅವಳ ಕೈ ಹಿಡಿದುಕೊಂಡ. "ನಾನು ಕಾರಿಂದ ಇಳಿದೆ. ಹಳ್ಳದ ಹತ್ತಿರ ಹೋದೆ. ಭುಜ ಕೊಟ್ಟು ತಳ್ಳಿದೆ. ಕಾರು ಮೇಲಕ್ಕೆ ಬಂತು. ಆಗ ಅವನು ಗಾಜು ಇಳಿಸಿದ. ಇಳಿಸಿ, ನನ್ನ ಕಡೆ ನೋಡಿ..."

ಹಾರ್ಲನ್ ಕಣ್ಣು ಮುಚ್ಚಿ ಆ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಹಿಮ ಬಂತು, ಹಳ್ಳ ಬಂತು, ಕಾರಿನ ಕಿಟಕಿಯೂ ಬಂತು. ಗಾಜು ಮೆಲ್ಲಗೆ ಇಳಿಯಿತು. ಒಳಗಿನಿಂದ ಪುದೀನದ ವಾಸನೆ ಬಂತು, ಕೆಂಪು ಗಡ್ಡ ಮಾತ್ರ ಬರಲಿಲ್ಲ.

"ನೋಡಿ ಏನಂದ?" ಎಂದು ಡೋರೀನ್ ಕೇಳಿದಳು.

ಹಾರ್ಲನ್ ಕಣ್ಣು ಬಿಟ್ಟ. ಕಾರಿನ ನಾಲ್ಕೂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.